ಸುಂಕದ ಪಟ್ಟಿಯಲ್ಲಿ ನಮ್ಮ ಮೆಣಸು
ಅಭ್ಯಾಸ ಪಾಠ: ಎರಡು ದೇಶಗಳ ವ್ಯಾಪಾರ ಒಪ್ಪಂದ ಹೇಗೆ ಆಗುತ್ತದೆ?



ಮೆಣಸಿನ ಧಾರಣೆ ಇಳಿದಾಗಲೆಲ್ಲ ನಮ್ಮವರ ನಡುವೆ ಒಂದು ಮಾತು ಹರಡುತ್ತದೆ: "ಹೊರಗಿನ ಮಾಲು ಬಂತಂತೆ." ಅಡಿಕೆ ಇಳಿದಾಗಲೂ ಅದೇ ಮಾತು. ಆದರೆ ಆ ಮಾಲು ಯಾವ ದಾರಿಯಲ್ಲಿ ಬಂತು, ಅದಕ್ಕೆ ಬಾಗಿಲು ತೆರೆದದ್ದು ಯಾವಾಗ, ಎಷ್ಟು ತೆರೆದರು, ಮುಚ್ಚಲು ಬರುತ್ತದೆಯೇ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಧಾರಣೆ ಬಿದ್ದ ಮೇಲೆ ಮನವಿ ಬರೆಯುತ್ತೇವೆ. ಆ ಹೊತ್ತಿಗೆ ಬಾಗಿಲು ತೆರೆದು ವರ್ಷಗಳಾಗಿರುತ್ತವೆ.

ಅಡಿಕೆ ಮರಕ್ಕೋ ಕಾಫಿ ತೋಟದ ಸಿಲ್ವರ್ ಮರಕ್ಕೋ ಹಬ್ಬಿಸಿದ ಮೆಣಸಿನ ಬಳ್ಳಿ ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಉಪಬೆಳೆ ಎಂದು ಹೆಸರಿಗೆ ಮಾತ್ರ. ಮುಖ್ಯ ಬೆಳೆ ಕೈಕೊಟ್ಟ ವರ್ಷ ಕೂಲಿ, ಗೊಬ್ಬರ, ಮಕ್ಕಳ ಶಾಲೆಯ ಖರ್ಚು ನಿಲ್ಲುವುದು ಅದರ ಮೇಲೆಯೇ. ಆದುದರಿಂದ ಮೆಣಸನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಭಾರತ ಮತ್ತು ಶ್ರೀಲಂಕಾ ನಡುವಿನ ಒಪ್ಪಂದದ ಮೂಲಕ ಈ ವಿಷಯವನ್ನು ಅಭ್ಯಾಸ ಮಾಡೋಣ.

ಸುಂಕ ಎಂಬ ಬೇಲಿ

ಹೊರದೇಶದಿಂದ ಬರುವ ಸರಕಿಗೆ ಬಂದರಿನಲ್ಲಿ ವಿಧಿಸುವ ತೆರಿಗೆಯೇ ಆಮದು ಸುಂಕ. ಅದು ಸರ್ಕಾರಕ್ಕೆ ಆದಾಯ, ಬೆಳೆಗಾರನಿಗೆ ಬೇಲಿ. ಭಾರತದಲ್ಲಿ ಕಾಫಿಗೂ ಅಡಿಕೆಗೂ ಸಾಮಾನ್ಯ ಆಮದು ಸುಂಕ ಶೇ. 100, ಕಾಳುಮೆಣಸಿಗೆ ಶೇ. 70. ಸಾಮಾನ್ಯ ಸುಂಕ ಎಂದರೆ ಯಾವ ವಿಶೇಷ ಒಪ್ಪಂದವೂ ಇಲ್ಲದ ದೇಶಗಳಿಗೆ ಅನ್ವಯಿಸುವ ದರ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಂತೆ ಒಂದು ಸದಸ್ಯ ದೇಶಕ್ಕೆ ಕೊಟ್ಟ ರಿಯಾಯಿತಿಯನ್ನು ಎಲ್ಲ ಸದಸ್ಯ ದೇಶಗಳಿಗೂ ಕೊಡಬೇಕು. ಅದಕ್ಕೆ ಇರುವ ದೊಡ್ಡ ವಿನಾಯಿತಿಯೇ ಎರಡು ದೇಶಗಳ ಅಥವಾ ಕೆಲವು ದೇಶಗಳ ನಡುವಿನ ವ್ಯಾಪಾರ ಒಪ್ಪಂದ.

ದರದ ವ್ಯತ್ಯಾಸ ನಮ್ಮ ಮಟ್ಟಿಗೆ ಏನೆಂದು ಒಂದು ಲೆಕ್ಕ ಮಾಡಿ ನೋಡೋಣ. ಹೊರಗಿನ ಮೆಣಸು ನಮ್ಮ ಬಂದರಿಗೆ ಕಿಲೋಗೆ 300 ರೂಪಾಯಿಯಂತೆ ಬಂದು ಮುಟ್ಟಿತು ಎಂದು ಭಾವಿಸಿ. ಇತರ ತೆರಿಗೆಗಳನ್ನು ಬದಿಗಿಟ್ಟರೆ,

ಶೇ. 70 ಸುಂಕವಿದ್ದರೆ ಅದರ ಬೆಲೆ 510 ರೂಪಾಯಿ;
ಶೇ. 50 ಇದ್ದರೆ 450 ರೂಪಾಯಿ;
ಶೇ. 8 ಇದ್ದರೆ 324 ರೂಪಾಯಿ;
ಸುಂಕವೇ ಇಲ್ಲದಿದ್ದರೆ 300 ರೂಪಾಯಿ.

ಮೊದಲ ಸಾಲಿಗೂ ಕೊನೆಯ ಸಾಲಿಗೂ ಕಿಲೋಗೆ 210 ರೂಪಾಯಿ ಅಂತರ. ಎರಡು ಕ್ವಿಂಟಲ್ ಮೆಣಸು ಕೊಯ್ಯುವ ಮನೆಗೆ ಅದು 42,000 ರೂಪಾಯಿ. ಈ ನಾಲ್ಕು ದರಗಳನ್ನೂ ನಾವು ಸುಮ್ಮನೆ ಆರಿಸಿಕೊಂಡಿಲ್ಲ. ಒಂದೇ ಮೆಣಸಿಗೆ, ಬರುವ ದಾರಿಯನ್ನು ಅನುಸರಿಸಿ, ಬೇರೆ ಬೇರೆ ಒಪ್ಪಂದಗಳಲ್ಲಿ ನಿಗದಿಯಾದ ದರಗಳೇ ಇವು. ಹೇಗೆಂಬುದು ಮುಂದೆ ಬರುತ್ತದೆ.

ಮಾತುಕತೆಯ ಮೆಟ್ಟಿಲುಗಳು

ಎರಡು ದೇಶಗಳ ಒಪ್ಪಂದ ಮಂತ್ರಿಗಳು ಸಹಿ ಹಾಕುವ ದಿನ ಹುಟ್ಟುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಆರು ಮೆಟ್ಟಿಲುಗಳಿವೆ.

1. ಎರಡೂ ಕಡೆಯ ಅಧಿಕಾರಿಗಳು, ತಜ್ಞರು ಸೇರಿ ಲಾಭ ನಷ್ಟದ ಅಧ್ಯಯನ ಮಾಡುತ್ತಾರೆ.
2. ಯಾವ ಮಿತಿಯೊಳಗೆ ಮಾತನಾಡಬೇಕೆಂದು ಸರ್ಕಾರ ತನ್ನ ಅಧಿಕಾರಿಗಳಿಗೆ ಅನುಮತಿ ಕೊಡುತ್ತದೆ. ನಮ್ಮಲ್ಲಿ ಇದರ ಹೊಣೆ ಕೇಂದ್ರ ವಾಣಿಜ್ಯ ಮಂತ್ರಾಲಯದ್ದು.
3. ಬೇಡಿಕೆ ಪಟ್ಟಿ ಮತ್ತು ಕೊಡುಗೆ ಪಟ್ಟಿಗಳ ವಿನಿಮಯ. "ನಿಮ್ಮ ಕಡೆ ನಮಗೆ ಇದು ಬೇಕು, ನಮ್ಮ ಕಡೆ ಇದನ್ನು ಬಿಡುತ್ತೇವೆ" ಎಂಬ ಹಗ್ಗಜಗ್ಗಾಟ ನಡೆಯುವುದು ಇಲ್ಲಿಯೇ.
4. ಸುಂಕ ಇಳಿಸುವ ಕಂತು, ಕೋಟಾ, ಸರಕಿನ ಮೂಲದ ನಿಯಮ, ಆಪತ್ತಿನಲ್ಲಿ ಮತ್ತೆ ಸುಂಕ ಏರಿಸುವ ರಕ್ಷಣಾ ಕ್ರಮ ಇವುಗಳ ನಿಷ್ಕರ್ಷೆ.
5. ಕಾನೂನು ಭಾಷೆಯ ಪರಿಶೀಲನೆ, ಮಂತ್ರಿಮಂಡಲದ ಸಮ್ಮತಿ, ಸಹಿ, ಕೊನೆಗೆ ಕಸ್ಟಮ್ಸ್ ಅಧಿಸೂಚನೆ. ಬಂದರಿನಲ್ಲಿ ದರ ಬದಲಾಗುವುದು ಈ ಅಧಿಸೂಚನೆಯಿಂದ.
6. ಜಾರಿಯಾದ ಮೇಲೆ ಜಂಟಿ ಸಮಿತಿಯ ಪುನರ್ವಿಮರ್ಶೆ.

ಇಲ್ಲಿ ಸಂವಿಧಾನದ ಒಂದು ಅಂಶವನ್ನು ಗಮನಿಸಬೇಕು. ಕೃಷಿ ರಾಜ್ಯಪಟ್ಟಿಯ ವಿಷಯ. ಹೊರದೇಶಗಳೊಂದಿಗೆ ಒಪ್ಪಂದ, ವಿದೇಶ ವ್ಯಾಪಾರ, ಕಸ್ಟಮ್ಸ್ ಸುಂಕ ಈ ಮೂರೂ ಕೇಂದ್ರಪಟ್ಟಿಯವು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪಾರ್ಲಿಮೆಂಟಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ಬೆಳೆ ಬೆಳೆಯುವುದು ಒಂದು ಸರ್ಕಾರದ ಹೊಣೆಯಲ್ಲಿ, ಅದರ ಬೇಲಿಯ ಎತ್ತರ ನಿರ್ಧಾರವಾಗುವುದು ಇನ್ನೊಂದು ಸರ್ಕಾರದ ಕೈಯಲ್ಲಿ. ಆದುದರಿಂದ ಬರೀ ಬೆಂಗಳೂರಿಗೆ ಮನವಿ ಕೊಟ್ಟು ಸುಮ್ಮನಿದ್ದರೆ ಸಾಲದು.

ಶ್ರೀಲಂಕಾ ಒಪ್ಪಂದದ ಕಥೆ

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್ 28ರಂದು ಹೊಸದೆಹಲಿಯಲ್ಲಿ ಸಹಿಯಾಯಿತು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರೂ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರೂ ಸಹಿ ಹಾಕಿದರು. ಅದು ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ಸಹಿಗೂ ಜಾರಿಗೂ ನಡುವಿನ ಈ ಒಂದು ವರ್ಷಕ್ಕೂ ಹೆಚ್ಚಿನ ಕಾಲ ಮುಖ್ಯವಾಗಿ ಹಿಡಿದದ್ದು ಪಟ್ಟಿಗಳ ಕೆಲಸಕ್ಕೆ.

ಪಟ್ಟಿಯಲ್ಲಿ ಸರಕುಗಳು ಹೆಸರಿಗಿಂತ ಹೆಚ್ಚಾಗಿ ಅಂಕಿಯಿಂದ ಗುರುತಾಗುತ್ತವೆ. ಕಾಫಿ 0901, ಮೆಣಸು 0904, ಅಡಿಕೆ 0802 80, ಇನ್‌ಸ್ಟಂಟ್ ಕಾಫಿ 2101. ಭಾರತ 1,351 ಬಾಬುಗಳಿಗೆ ತಕ್ಷಣವೇ ಸುಂಕ ತೆಗೆಯಿತು. 429 ಬಾಬುಗಳನ್ನು ರಿಯಾಯಿತಿ ಇಲ್ಲದ 'ನೆಗೆಟಿವ್ ಲಿಸ್ಟ್'ನಲ್ಲಿ ಇಟ್ಟಿತು. ಉಳಿದ ಬಹುಪಾಲು ಬಾಬುಗಳ ಸುಂಕವನ್ನು ಮೂರು ವರ್ಷಗಳಲ್ಲಿ ಕಂತಿನಂತೆ ಇಳಿಸಲು ಒಪ್ಪಿತು. ಶ್ರೀಲಂಕಾ ಚಿಕ್ಕ ದೇಶವಾದ್ದರಿಂದ ಅದಕ್ಕೆ ಹೆಚ್ಚಿನ ಅವಕಾಶ ಸಿಕ್ಕಿತು. ಅದು ತಕ್ಷಣ ಸುಂಕ ತೆಗೆದದ್ದು 319 ಬಾಬುಗಳಿಗೆ. ನೆಗೆಟಿವ್ ಲಿಸ್ಟ್‌ನಲ್ಲಿಟ್ಟದ್ದು 1,180. ಉಳಿದವುಗಳಿಗೆ ಎಂಟು ವರ್ಷಗಳ ಕಂತು.

ಈಗ ಎರಡು ಬೆಳೆಗಳ ಗತಿಯನ್ನು ಹೋಲಿಸಿ ನೋಡಿ. ಶ್ರೀಲಂಕಾದ ಚಹಾ ನಮ್ಮ ಚಹಾ ತೋಟಗಳಿಗೆ ತೊಂದರೆ ಕೊಡಬಹುದೆಂಬ ಕಾರಣದಿಂದ ಅದಕ್ಕೆ ಮೊದಲಿನಿಂದಲೇ ಬೇಲಿ ಬಿತ್ತು. ವರ್ಷಕ್ಕೆ 150 ಲಕ್ಷ ಕಿಲೋ ಮಾತ್ರ, ಅದಕ್ಕೂ ಪೂರ್ತಿ ವಿನಾಯಿತಿಯಿಲ್ಲ, ಅರ್ಧ ಸುಂಕ ರಿಯಾಯಿತಿ. ಆರಂಭದಲ್ಲಿ ಇಂತಿಂಥ ಬಂದರಿನಲ್ಲಿಯೇ ಇಳಿಸಬೇಕೆಂಬ ಕಟ್ಟು ಬೇರೆ. ಮೆಣಸಿಗೆ ಮೊದಲು ಇಂಥ ಮಿತಿ ಇರಲಿಲ್ಲ. ಆಮದು ಹೆಚ್ಚಿ, ಬೆಳೆಗಾರರ ದೂರು ಬಂದ ಮೇಲೆ ವರ್ಷಕ್ಕೆ 2,500 ಟನ್ ಮಾತ್ರ ಸುಂಕವಿಲ್ಲದೆ ಎಂಬ ಕೋಟಾ ಬಂತು. ಆ ಕೋಟಾ ಮೀರಿದ ಮಾಲಿಗೂ ಶೇ. 70 ಬೀಳಲಿಲ್ಲ. ದಕ್ಷಿಣ ಏಷ್ಯಾ ದೇಶಗಳ ಇನ್ನೊಂದು ಒಪ್ಪಂದ 2006ರಿಂದ ಜಾರಿಯಲ್ಲಿತ್ತು, ಅದರಡಿ ಶೇ. 8 ಕೊಟ್ಟು ತರಲು ಸಾಧ್ಯವಾಯಿತು. ಒಂದು ಬಾಗಿಲು ಅರ್ಧ ಮುಚ್ಚಿದರೂ ಪಕ್ಕದ ಕಿಟಕಿ ತೆರೆದೇ ಇತ್ತು ಎಂದು ತಿಳಿಯಬೇಕು. ಒಂದು ಒಪ್ಪಂದವನ್ನು ಮಾತ್ರ ಓದಿ ತೀರ್ಮಾನಕ್ಕೆ ಬರಬಾರದೆಂಬುದು ಈ ಪಾಠದ ಮೊದಲ ಸೂತ್ರ.

ಕಂತಿನ ಗುಟ್ಟು: ಕಾಫಿಯ ಉದಾಹರಣೆ

ಸುಂಕ ಇಳಿಸುವುದಾಗಿ ಒಪ್ಪಿದರೂ ಎಷ್ಟಕ್ಕೆ, ಎಷ್ಟು ವರ್ಷಗಳಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದಕ್ಕೆ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳೊಡನೆ ಆದ ಒಪ್ಪಂದ ಒಳ್ಳೆಯ ಉದಾಹರಣೆ. ಈ ಕೂಟದಲ್ಲಿ ವಿಯೆಟ್ನಾಂ, ಇಂಡೋನೇಷ್ಯಾ ಇವೆ. ರೊಬಸ್ಟಾ ಕಾಫಿ, ಮೆಣಸು ಎರಡರಲ್ಲೂ ವಿಯೆಟ್ನಾಂ ಪ್ರಪಂಚಕ್ಕೇ ಮೊದಲನೆಯದು. 2003ರ ಅಕ್ಟೋಬರ್‌ನಲ್ಲಿ ಚೌಕಟ್ಟಿನ ಒಪ್ಪಂದವಾಯಿತು. ಸರಕುಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2009ರ ಆಗಸ್ಟ್ 13ರಂದು, ಬ್ಯಾಂಕಾಕ್‌ನಲ್ಲಿ. ನಡುವೆ ಸುಮಾರು ಆರು ವರ್ಷ ಹಿಡಿಯಿತು. ಹೊರಗಿಡುವ ಪಟ್ಟಿ ಎಷ್ಟು ಉದ್ದವಿರಬೇಕು, ತಾಳೆ ಎಣ್ಣೆಯ ಗತಿ ಏನು ಎಂಬ ವಿಷಯಗಳಲ್ಲಿ ಜಗ್ಗಾಟ ನಡೆಯಿತು.

ಕೊನೆಗೆ ಕಾಫಿ, ಚಹಾ, ಮೆಣಸು, ತಾಳೆ ಎಣ್ಣೆಗಳನ್ನು 'ವಿಶೇಷ ಸರಕು'ಗಳೆಂದು ಬೇರೆ ಮಾಡಿದರು. ಸುಂಕ ಸೊನ್ನೆಗೆ ಇಳಿಯಲಿಲ್ಲ. 2010ರ ಜನವರಿ 1ರಿಂದ ಆರಂಭಿಸಿ 2019ರ ಕೊನೆಯೊಳಗೆ ಕಾಫಿಯ ಸುಂಕ 100ರಿಂದ 45ಕ್ಕೆ, ಮೆಣಸಿನದು 70ರಿಂದ 50ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂದಾಯಿತು. ಶೇ. 50ರ ಬೇಲಿ ಉಳಿಯಿತು, ಹತ್ತು ವರ್ಷದ ಸಮಯವೂ ಸಿಕ್ಕಿತು. ಹೊಸ ಬಳ್ಳಿ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕಾಗುವ ನಮಗೆ ಸಮಯವೂ ಒಂದು ರಿಯಾಯಿತಿಯೇ. ಆರು ವರ್ಷ ಜಗ್ಗಾಡಿದ್ದರ ಫಲ ಇದು.

ಮಾಲಿನ ಹುಟ್ಟೂರು

ಈಗ ಎರಡು ಒಪ್ಪಂದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ವಿಯೆಟ್ನಾಮಿನ ಮೆಣಸು ನೇರವಾಗಿ ಬಂದರೆ ಶೇ. 50 ಸುಂಕ; ಶ್ರೀಲಂಕಾದ ಮೆಣಸಿಗೆ 0 ಅಥವಾ 8. ಹೀಗಿರುವಾಗ ವಿಯೆಟ್ನಾಮಿನ ಚೀಲ ಕೊಲಂಬೊ ಹತ್ತಿ ಇಳಿದು, ಶ್ರೀಲಂಕಾದ ಹೆಸರು ಹೊತ್ತು ಬರಬೇಕೆಂಬ ಆಸೆ ವ್ಯಾಪಾರಿಗೆ ಹುಟ್ಟುವುದು ಸಹಜ.

ಇದನ್ನು ತಡೆಯಲೆಂದೇ ಒಪ್ಪಂದಗಳಲ್ಲಿ ಮೂಲದ ನಿಯಮ ಇರುತ್ತದೆ. ಶ್ರೀಲಂಕಾ ಒಪ್ಪಂದದಂತೆ ಕಾರ್ಖಾನೆ ಸರಕಾದರೆ ಅಲ್ಲಿ ಕನಿಷ್ಠ ಶೇ. 35 ಮೌಲ್ಯ ಸೇರಿರಬೇಕು. ಮೆಣಸಿನಂಥ ಕೃಷಿ ಉತ್ಪನ್ನವಾದರೆ ಅಲ್ಲಿಯೇ ಬೆಳೆದು ಅಲ್ಲಿಯೇ ಕೊಯ್ದದ್ದಾಗಿರಬೇಕು. ಬೇರೆ ದೇಶದ ಕಾಳನ್ನು ತಂದು ಒಣಗಿಸಿ, ಜರಡಿ ಹಿಡಿದು, ಚೀಲ ಬದಲಾಯಿಸಿದ ಮಾತ್ರಕ್ಕೆ ಅದು ಶ್ರೀಲಂಕಾದ ಮೆಣಸಾಗುವುದಿಲ್ಲ. ಹಾಗೆಂದು ದೃಢೀಕರಿಸುವ ಮೂಲ ಪ್ರಮಾಣಪತ್ರವನ್ನು ಅಲ್ಲಿಯ ಸರ್ಕಾರಿ ವಾಣಿಜ್ಯ ಇಲಾಖೆ ಕೊಡಬೇಕು.

ಕಾಗದದ ಮೇಲೆ ನಿಯಮ ಗಟ್ಟಿಯಾಗಿಯೇ ಇದೆ. ಆದರೆ ಒಣಗಿದ ಕಾಳನ್ನು ಬಂದರಿನಲ್ಲಿ ಕೈಯಲ್ಲಿ ಹಿಡಿದು ಇದು ಯಾವ ಬಳ್ಳಿಯದೆಂದು ಹೇಳುವುದು ಸುಲಭವಲ್ಲ. 2017ರ ಆರಂಭದಲ್ಲಿ ಕಿಲೋಗೆ 600 ರೂಪಾಯಿಯ ಮೇಲಿದ್ದ ಧಾರಣೆ ವರ್ಷಾಂತ್ಯದ ಹೊತ್ತಿಗೆ ತೀವ್ರವಾಗಿ ಕುಸಿದಾಗ, ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲೂ ಕೇರಳದಲ್ಲೂ ಬೆಳೆಗಾರರು ಎತ್ತಿದ ದೂರು ಇದೇ ಆಗಿತ್ತು. ವಿಯೆಟ್ನಾಮಿನಲ್ಲಿ ಬೆಳೆ ಹೆಚ್ಚಿ ಪ್ರಪಂಚದ ಧಾರಣೆಯೇ ಇಳಿದದ್ದು ಇನ್ನೊಂದು ಕಾರಣ. ಅದನ್ನು ಮರೆತು ಎಲ್ಲವನ್ನೂ ಒಪ್ಪಂದದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬೇಲಿ ಇದ್ದಿದ್ದರೆ ಆ ಹೊಡೆತ ಅಷ್ಟು ನೇರವಾಗಿ ನಮಗೆ ತಾಗುತ್ತಿರಲಿಲ್ಲ.

2020ರ ಸೆಪ್ಟೆಂಬರ್ 21ರಿಂದ ಕಸ್ಟಮ್ಸ್ ನಿಯಮ ಬಿಗಿಯಾಯಿತು. ಪ್ರಮಾಣಪತ್ರ ಒಂದನ್ನೇ ತೋರಿಸಿದರೆ ಸಾಲದು, ಮಾಲಿನ ಮೂಲದ ವಿವರ ಆಮದುದಾರನ ಬಳಿಯೇ ಇರಬೇಕು, ಐದು ವರ್ಷ ಕಾಪಾಡಿ ಇಡಬೇಕು, ಸಂಶಯ ಬಂದರೆ ರಿಯಾಯಿತಿ ತಡೆಹಿಡಿಯಬಹುದು ಎಂದಾಯಿತು. ಇದು ನಮಗೆ ಉಪಯೋಗವಾದ ಬದಲಾವಣೆ.

ಕನಿಷ್ಠ ಆಮದು ಬೆಲೆ ಎಂಬ ತುರ್ತು ಮದ್ದು

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅಡಿಕೆಗೆ ಇಂಥ ಕಟ್ಟು ಮೊದಲೇ ಇತ್ತು. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಇವು ಬೆಳೆಗಾರರ ಒತ್ತಾಯದಿಂದ ಬಂದ ಕ್ರಮಗಳು, ಸ್ವಾಗತಾರ್ಹವೇ. ಆದರೆ ಇವುಗಳ ಬಲವೂ ಸುಂಕದ ಮೇಲೆ ನಿಂತಿದೆ ಎಂಬುದನ್ನು ಮನಗಾಣಬೇಕು.

ಹೇಗೆಂದರೆ, 300 ರೂಪಾಯಿಯ ಮೆಣಸನ್ನು ಬಿಲ್ಲಿನಲ್ಲಿ 500 ಎಂದು ಬರೆದು ತಂದರೆ ಕಟ್ಟಳೆ ಪಾಲಿಸಿದಂತೆ ಕಾಣುತ್ತದೆ. ಹೆಚ್ಚುವರಿ 200 ರೂಪಾಯಿ ಬೇರೆ ದಾರಿಯಲ್ಲಿ ಹಿಂದಕ್ಕೆ ಬರಬಹುದು. ಶೇ. 70 ಸುಂಕವಿದ್ದರೆ ಹೀಗೆ ಸುಳ್ಳು ಬರೆಯಲು ಕಿಲೋಗೆ 350 ರೂಪಾಯಿ ಸುಂಕ ತೆರಬೇಕು, ಯಾರೂ ಆ ಕೆಲಸಕ್ಕೆ ಹೋಗುವುದಿಲ್ಲ. ಸುಂಕ ಸೊನ್ನೆಯಾದರೆ ಸುಳ್ಳಿಗೆ ಖರ್ಚೇ ಇಲ್ಲ. ಒಪ್ಪಂದದಲ್ಲಿ ಬಿಟ್ಟುಕೊಟ್ಟ ಬೇಲಿಯನ್ನು ಆಮೇಲಿನ ಅಧಿಸೂಚನೆಯಿಂದ ಪೂರ್ತಿ ಕಟ್ಟಲಾಗುವುದಿಲ್ಲ.

ಅಡಿಕೆಯಲ್ಲಿ ಅಂಕಿಯ ಆಟವೂ ನಡೆಯಿತು. ಹುರಿದ ಅಡಿಕೆ ಎಂದು ತೋರಿಸಿ ಬೇರೆ ಅಧ್ಯಾಯದ ಅಂಕಿಯಲ್ಲಿ ಮಾಲು ತಂದರೆ 0802 80ಕ್ಕೆ ಹಾಕಿದ ಕನಿಷ್ಠ ಬೆಲೆ ತಾಗುತ್ತಿರಲಿಲ್ಲ. 2025ರಲ್ಲಿ ಹುರಿದ ಅಡಿಕೆಗೂ ಆ ಕಟ್ಟನ್ನು ವಿಸ್ತರಿಸಬೇಕಾಯಿತು. ಇನ್ನು ಭೂತಾನ್ ಜೊತೆ ನಮಗೆ ಹಳೆಯ ಮುಕ್ತ ವ್ಯಾಪಾರದ ಒಪ್ಪಂದವಿದೆ. 2022ರಲ್ಲಿ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಲು ಅನುಮತಿ ಕೊಡಲಾಯಿತು.

ಇನ್ನೊಂದು ಕಡೆಯ ಮಾತು

ಬೇಲಿಯೊಂದನ್ನೇ ಹೇಳಿದರೆ ಪಾಠ ಅಪೂರ್ಣ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಆದುದರಿಂದ ಕಾಫಿ ಬೆಳೆಗಾರನಾಗಿ ನಮಗೆ ಎದುರು ದೇಶದ ಬೇಲಿ ಇಳಿಯಬೇಕು. ಯುರೋಪಿನ ಒಕ್ಕೂಟದ ಸಾಮಾನ್ಯ ಸುಂಕ ನೋಡಿ: ಹಸಿ ಕಾಫಿ ಬೀಜಕ್ಕೆ ಸುಂಕವಿಲ್ಲ, ಹುರಿದ ಕಾಫಿಗೆ ಶೇ. 7.5, ಇನ್‌ಸ್ಟಂಟ್ ಕಾಫಿಗೆ ಶೇ. 9. ಬೀಜ ಕೊಡಿ, ಹುರಿಯುವ ಲಾಭ ನಮಗಿರಲಿ ಎಂಬುದೇ ಇದರ ಅರ್ಥ. ಯುರೋಪಿನೊಡನೆ ಭಾರತದ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ಇಂಥ ಮಾತುಕತೆಗಳಲ್ಲಿ ನಾವು ಕೇಳಬೇಕಾದದ್ದು 0901ರ ಹುರಿದ ಕಾಫಿ ಮತ್ತು 2101ರ ಸುಂಕದ ಇಳಿಕೆಯನ್ನು.

ಹಾಗೆಯೇ ಮೆಣಸಿನ ಸತ್ವ ತೆಗೆಯುವ ನಮ್ಮ ಕಾರ್ಖಾನೆಗಳಿಗೆ ಖಾರ ಹೆಚ್ಚಿರುವ ಶ್ರೀಲಂಕಾದ ಮೆಣಸು ಬೇಕು. ಮಾಲು ತಂದು, ಸಂಸ್ಕರಿಸಿ, ಮತ್ತೆ ರಫ್ತು ಮಾಡುವವರಿಗೆ ಸುಂಕವಿಲ್ಲದೆ ತರಲು ಬೇರೆ ಪರವಾನಗಿ ವ್ಯವಸ್ಥೆಯೂ ಇದೆ. ಮಾತುಕತೆಯ ಮೇಜಿನ ಹಿಂದೆ ಅವರೂ ತಮ್ಮ ಮಾತು ಹೇಳುತ್ತಾರೆ. ಅವರು ನಮ್ಮ ಶತ್ರುಗಳಲ್ಲ. ಆದರೆ ಅವರ ಮಾತು ಕೇಳಿ ನಮ್ಮ ಮಾತು ಕೇಳದಿದ್ದರೆ ಪಟ್ಟಿ ಅವರಿಗೆ ಬೇಕಾದಂತೆ ಆಗುತ್ತದೆ. ಮಾತಲೆ, ಕ್ಯಾಂಡಿಗಳಲ್ಲಿ ಮೆಣಸು ಬೆಳೆಯುವವರೂ ನಮ್ಮಂಥ ಸಣ್ಣವರೇ. ಬೇರೆ ದೇಶದ ಮಾಲು ಅವರ ಹೆಸರಿನಲ್ಲಿ ಬಂದರೆ ಹೆಸರು ಕೆಡುವುದು ಅವರದೇ. ಈ ವಿಷಯದಲ್ಲಿ ಅವರ ಹಿತವೂ ನಮ್ಮ ಹಿತವೂ ಒಂದೇ.

ಸಹಿಗೆ ಮುನ್ನ ಎದ್ದ ದನಿಗೆ ಬೆಲೆಯಿದೆ ಎಂಬುದನ್ನು ಅವರ ದೇಶವೇ ತೋರಿಸಿತು. ಮೊದಲ ಒಪ್ಪಂದವನ್ನು ಸೇವೆ, ಬಂಡವಾಳಗಳಿಗೂ ವಿಸ್ತರಿಸುವ ದೊಡ್ಡ ಒಪ್ಪಂದಕ್ಕೆ 2005ರಿಂದ ಮಾತುಕತೆ ನಡೆದು 2008ರಲ್ಲಿ ಕರಡು ಸಿದ್ಧವಾಗಿತ್ತು. ಅಲ್ಲಿಯ ಉದ್ಯಮಿಗಳ ವಿರೋಧದಿಂದ ಕೊಲಂಬೊ ಸಹಿ ಹಾಕದೆ ಹಿಂದೆ ಸರಿಯಿತು. ಆ ವಿರೋಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅವರು ಮಾತನಾಡಿದ ಕಾಲ ಮಾತ್ರ ಸರಿಯಾದದ್ದು.

ನಾವು ಮಾಡಬೇಕಾದದ್ದು

ಒಪ್ಪಂದದ ಸುದ್ದಿ ಪತ್ರಿಕೆಯಲ್ಲಿ ಬಂದಾಗ "ಸುಂಕ ಇಳಿಕೆ" ಎಂಬ ತಲೆಬರಹ ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ಐದು ಪ್ರಶ್ನೆ ಕೇಳಿ: ನಮ್ಮ ಬೆಳೆಯ ಅಂಕಿ ಯಾವ ಪಟ್ಟಿಯಲ್ಲಿದೆ? ಎಷ್ಟಕ್ಕೆ, ಎಷ್ಟು ವರ್ಷಗಳಲ್ಲಿ ಇಳಿಯುತ್ತದೆ? ಕೋಟಾ ಇದೆಯೇ? ಮಾಲಿನ ಮೂಲವನ್ನು ಯಾರು ಪರೀಕ್ಷಿಸುತ್ತಾರೆ? ಧಾರಣೆ ಕುಸಿದರೆ ಸುಂಕವನ್ನು ಮತ್ತೆ ಏರಿಸಲು ದಾರಿ ಇದೆಯೇ?

ಮಾತುಕತೆ ಆರಂಭವಾದ ಸುದ್ದಿ ಬಂದ ಕೂಡಲೇ, ಅಂದರೆ ಮೇಲೆ ಹೇಳಿದ ಎರಡನೆಯ ಮತ್ತು ಮೂರನೆಯ ಮೆಟ್ಟಿಲಿನಲ್ಲಿಯೇ, ಬರವಣಿಗೆಯಲ್ಲಿ ಮನವಿ ಹೋಗಬೇಕು. ಕೇಂದ್ರ ವಾಣಿಜ್ಯ ಮಂತ್ರಾಲಯಕ್ಕೆ, ಅದರ ಕೈಕೆಳಗಿನ ಕಾಫಿ ಮಂಡಳಿ, ಸಾಂಬಾರ ಮಂಡಳಿಗಳಿಗೆ, ನಮ್ಮ ಲೋಕಸಭಾ ಸದಸ್ಯರಿಗೆ ಪ್ರತಿ ಹೋಗಬೇಕು. ಮನವಿಯಲ್ಲಿ ಗೋಳಿಗಿಂತ ಲೆಕ್ಕ ಮುಖ್ಯ. ಎಕರೆಗೆ ಖರ್ಚೆಷ್ಟು, ಕಿಲೋಗೆ ಬೀಳುವ ಅಸಲು ಎಷ್ಟು, ಯಾವ ದರಕ್ಕಿಂತ ಕೆಳಗೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಎಂಬುದನ್ನು ಬರೆದಿಟ್ಟ ಮನೆಗಳ ಲೆಕ್ಕವೇ ಸಂಘದ ಕೈಯಲ್ಲಿರುವ ಆಯುಧ. ಸದಸ್ಯರು ಈ ಹಂಗಾಮಿನಿಂದಲೇ ಖರ್ಚಿನ ಪುಸ್ತಕ ಇಡಬೇಕೆಂದು ನಮ್ಮ ಕೋರಿಕೆ.

ಬೇಸಿಗೆಯಲ್ಲಿ ದನ ತೋಟಕ್ಕೆ ನುಗ್ಗಿದ ಮೇಲೆ ಕೂಗುವವನಿಗಿಂತ ಮಳೆಗಾಲ ಮುಗಿಯುತ್ತಲೇ ಬೇಲಿ ನೋಡಿ ಬರುವವನು ಜಾಣ. ಸುಂಕದ ಪಟ್ಟಿಗೂ ಇದೇ ಮಾತು ಸಲ್ಲುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಬಂದರಿಗೆ ಕಿಲೋಗೆ 400 ರೂಪಾಯಿಯಂತೆ ಬಂದ ಮೆಣಸಿಗೆ ಶೇ. 70, 50, 8 ಮತ್ತು 0 ಸುಂಕದಲ್ಲಿ ಬೆಲೆ ಎಷ್ಟೆಷ್ಟಾಗುತ್ತದೆ? ಲೆಕ್ಕ ಹಾಕಿ.
2. ಶ್ರೀಲಂಕಾ ಒಪ್ಪಂದದಲ್ಲಿ ಚಹಾಕ್ಕೂ ಮೆಣಸಿಗೂ ಆದ ವ್ಯವಸ್ಥೆಯಲ್ಲಿ ವ್ಯತ್ಯಾಸವೇನು?
3. ಸುಂಕ ಸೊನ್ನೆಯಾದಾಗ ಕನಿಷ್ಠ ಆಮದು ಬೆಲೆಯ ಬಲ ಏಕೆ ಕುಗ್ಗುತ್ತದೆ?
4. ನಿಮ್ಮ ತೋಟದಲ್ಲಿ ಒಂದು ಕಿಲೋ ಮೆಣಸಿನ ಅಸಲು ಖರ್ಚು ಎಷ್ಟು? ಮುಂದಿನ ಸಭೆಗೆ ಬರೆದು ತನ್ನಿ.